ಎಡಕ್ಕೆ ಬಿದ್ದ ಕೇಪಳದ ಹೂ

ಕಳೆದ ವರ್ಷ ಆಷಾಢದ ಒಂದು ಮಂಗಳವಾರ ನನ್ನ ಯಜಮಾನರು ಉಪ್ಪಾಗೆ ಮರದಿಂದ ಬಿದ್ದರು. ಸಿದ್ದಾಪುರದಿಂದ ಶಿರಸಿಗೆ ಟೆಂಪೋ ಓಡಿಸುವವರು. ಆ ದಿನ ಬಾಡಿಗೆ ಇರಲಿಲ್ಲವೆಂದು ಹಣ್ಣು ಕೊಯ್ಯಲು ಹತ್ತಿದ್ದರು. ನಾನು ಕೆಳಗೆ ಹೆಕ್ಕುತ್ತಿದ್ದೆ. ಕೊಂಬೆ ಮುರಿದ ಸದ್ದು ಕೇಳಿ ತಿರುಗಿದರೆ, ಅವರು ನಾಲ್ಕು ಮಾರು ದೂರದಲ್ಲಿ ಅಂಗಾತ ಬಿದ್ದಿದ್ದರು. ಕಣ್ಣು ತೆರೆದೇ ಇತ್ತು.

"ನನ್ನ ಕಾಲು ಎಲ್ಲದೆ, ನೋಡು," ಎಂದರು.

ಕಾಲು ಅಲ್ಲೇ ಇತ್ತು. ಆ ಮಾತು ನನಗೆ ಇಂದಿಗೂ ಕೇಳಿಸುತ್ತದೆ.

ಶಿರಸಿಯಿಂದ ಹುಬ್ಬಳ್ಳಿಗೆ ಕಳಿಸಿದರು. ಆಪರೇಷನ್ ಆಯಿತು. ಬೆನ್ನುಹುರಿಗೆ ಪೆಟ್ಟಾಗಿದೆ, ಸೊಂಟದ ಕೆಳಗೆ ಸ್ಪರ್ಶವಿಲ್ಲ, ಕಾದು ನೋಡಿ ಎಂದರು. ಮನೆಗೆ ತಂದೆವು. ಎರಡೆರಡು ತಾಸಿಗೆ ಅವರ ಮಗ್ಗುಲು ಬದಲಿಸುತ್ತ ಏಳು ತಿಂಗಳು ಕಾದೆ.

ಆಗ ಯಲ್ಲಾಪುರದಿಂದ ನನ್ನ ಅಣ್ಣ ಒಂದು ಸುದ್ದಿ ತಂದ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪ್ರಯೋಗ ನಡೆಯುತ್ತಿದೆ, ರೋಗಿಯ ಎಲುಬಿನ ಮಜ್ಜೆಯಿಂದಲೇ ಜೀವಕೋಶ ತೆಗೆದು ಬೆನ್ನುಹುರಿಗೆ ಸೇರಿಸುತ್ತಾರೆ ಎಂದ. ಏಳು ತಿಂಗಳಲ್ಲಿ ಮೊದಲ ಸಲ ಯಜಮಾನರು ಪೂರ್ತಿ ಊಟ ಮಾಡಿದರು. "ಮೊದಲು ಅಮ್ಮನ ಹತ್ರ ಕೇಳ್ಕಂಡು ಬಾ," ಎಂದರು.

ನಮ್ಮೂರ ಚೌಡಮ್ಮನ ಪ್ರಸಾದ ಕೇಳದೆ ನಾವು ಯಾವ ಕೆಲಸಕ್ಕೂ ಹೊರಡುವುದಿಲ್ಲ. ಪೂಜಾರಿ ಅಮ್ಮನ ಕಲ್ಲುಮೂರ್ತಿಯ ಎರಡು ಹೆಗಲಿಗೂ ಒದ್ದೆ ಕೇಪಳದ ಹೂ ಹಚ್ಚುತ್ತಾರೆ. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಜೀವಕೋಶ ಹಾಕಿಸಬಹುದೇ ತಾಯಿ, ಎಂದು ಕೇಳಿದೆ.

ಎಡದ್ದು ಬಿತ್ತು.

"ಅಮ್ಮ ಬ್ಯಾಡ ಅಂತದೆ, ತಂಗಿ."

"ಇನ್ನೊಂದ್ಸಲ ಕೇಳಿ."

"ಅದು ನಿನ್ನ ಟೆಂಪೋ ಬಾಡಿಗೆಯಾ, ಚೌಕಾಶಿ ಮಾಡುಕೆ?"

ನಾನು ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ಗುಡಿಯ ಹೊರಗಿನ ಗಿಡದಿಂದ ಒಂದು ಕೇಪಳದ ಹೂ ಕಿತ್ತು, ನಲ್ಲಿಯಲ್ಲಿ ಒದ್ದೆ ಮಾಡಿ ಮನೆಗೆ ತಂದು, "ಬಲಕ್ಕಾಯ್ತು," ಎಂದು ಯಜಮಾನರ ಕೈಗಿಟ್ಟೆ. ಅವರು ಹೂವನ್ನು ತಿರುಗಿಸಿ ನೋಡಿ ಕಿವಿಗೆ ಸಿಕ್ಕಿಸಿಕೊಂಡರು. "ಹಂಗಾರೆ ಹೋಗ್ವ," ಎಂದರು.

ಬೆಂಗಳೂರಿನ ಡಾಕ್ಟರಮ್ಮ ಯಜಮಾನರ ಕಣ್ಣು ಮುಚ್ಚಿಸಿ ಪಾದದಿಂದ ಮೇಲಕ್ಕೆ ಪಿನ್ನು ತಾಗಿಸುತ್ತ ಬಂದರು. "ಗೊತ್ತಾಗ್ತಿದ್ಯಾ?" "ಇಲ್ಲ." ಎಷ್ಟು ಸಲ "ಇಲ್ಲ" ಕೇಳಿದೆನೋ ಲೆಕ್ಕ ತಪ್ಪಿತು. ಕೊನೆಗೆ ಮಗ್ಗುಲಾಗಿಸಿ ಬೆನ್ನಿನ ತೀರ ಕೆಳತುದಿಗೆ ತಾಗಿಸಿದರು.

"ಇರುವೆ ಕಚ್ಚಿದ ಹಂಗಾಯ್ತು," ಎಂದರು ಯಜಮಾನರು.

ಹೆಬ್ಬೆರಳು ಅಲ್ಲಾಡಿಸಿ ಎಂದರು. ಎಡಗಾಲಿನದು ಅಲುಗಿತು. ಒಂದು ಅಕ್ಕಿಕಾಳಿನಷ್ಟು. ನಾನು ಮಂಚದ ಕಂಬಿ ಹಿಡಿದುಕೊಂಡೆ.

"ಇವರನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳೋಕೆ ಆಗಲ್ಲಮ್ಮ," ಎಂದರು ಡಾಕ್ಟರಮ್ಮ. "ಪೂರ್ತಿ ಸ್ಪರ್ಶ ಹೋದವರಿಗೆ ಮಾತ್ರ ಅದು. ಇವರ ಹುರಿಯಲ್ಲಿ ಜೀವ ಇರೋ ಎಳೆಗಳು ಉಳಿದಿವೆ. ಅಲ್ಲಿಗೆ ಸೂಜಿ ಹಾಕಿದ್ರೆ ಅವೂ ಹಾಳಾಗಬಹುದು. ಇವರಿಗೆ ಬೇಕಿರೋದು ವ್ಯಾಯಾಮ. ಇಷ್ಟು ದಿನ ಯಾರೂ ಮತ್ತೆ ಪರೀಕ್ಷೆ ಮಾಡಲಿಲ್ವಾ?"

ಯಾರೂ ಮಾಡಿರಲಿಲ್ಲ. ನಾವೂ ಕೇಳಿರಲಿಲ್ಲ. ಅಮ್ಮ ಬೇಡವೆಂದದ್ದು ಆ ಸೂಜಿಯನ್ನು, ಅವರು ಗುಣವಾಗುವುದನ್ನಲ್ಲ ಎಂದು ಆಗ ತಿಳಿಯಿತು.

ಶಿರಸಿಯಲ್ಲಿ ಒಂಬತ್ತು ತಿಂಗಳು ವ್ಯಾಯಾಮ ಮಾಡಿಸಿದ ಮೇಲೆ ಅವರು ವಾಕರ್ ಹಿಡಿದು ಅಡುಗೆಮನೆಯ ತನಕ ಬಂದರು. ಅಂದು ನಾನು ಹೂವಿನ ವಿಷಯ ಹೇಳಿದೆ.

"ಗೊತ್ತಿತ್ತು ಮಾರಾಯ್ತಿ. ಅಮ್ಮನ ಮೈಮೇಲಿನ ಹೂವಿಗೆ ಅರಿಶಿನ ಹತ್ತಿರ್ತದೆ. ನೀ ತಂದದ್ದು ಮಿಂದು ಬಂದಂಗಿತ್ತು."

"ಮತ್ತೆ ಎಂತಕ್ಕೆ ಹೊರಟ್ರಿ?"

"ದೇವರ ಹೆಸರಲ್ಲಿ ಸುಳ್ಳು ಹೇಳುವಷ್ಟು ಆಸೆ ನಿಂಗಿತ್ತು. ನಾ ಹೆಂಗೆ ಬ್ಯಾಡ ಅನ್ಲಿ?"

ಮುಂದಿನ ಮಂಗಳವಾರ ಇಬ್ಬರೂ ಗುಡಿಗೆ ಹೋದೆವು. ಮೆಟ್ಟಿಲು ಮೂರು. ಎರಡನ್ನು ಅವರೇ ಹತ್ತಿದರು, ಮೂರನೆಯದಕ್ಕೆ ನಾನು ಹೆಗಲು ಕೊಟ್ಟೆ. ತಪ್ಪೊಪ್ಪಿಕೊಂಡು ಅಡ್ಡಬಿದ್ದೆ. ಆ ಚಿಕಿತ್ಸೆ ಬೇಕಾದವರಿಗೆ ಅದು ಫಲಿಸಲಿ ಎಂದೂ ಬೇಡಿಕೊಂಡೆ. ಇನ್ನು ಅಮ್ಮ ಎಡ ಕೊಟ್ಟರೂ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತೇನೆ. ಪೂಜಾರಿ ಏನೂ ಕೇಳದೆ ಕಲ್ಲಿನ ಮೇಲಿಂದ ಒಂದು ಹೂ ತೆಗೆದು ಯಜಮಾನರ ಕೈಗಿಟ್ಟರು. ಅವರು ಅದನ್ನು ನನ್ನ ಮುಖದ ಹತ್ತಿರ ಹಿಡಿದರು. ಅರಿಶಿನ ಹತ್ತಿತ್ತು.