ನಾನು ನಕ್ಷೆಗೇರಿಸಿದ ಕಟ್ಟೆ

ಜೆರಾಕ್ಸ್ ಯಂತ್ರ ಕೆಡಿಸಿದ ಹಾಳೆಗಳಿಗೂ ಒಂದು ಸೊಗಸಿದೆ, ಗೆಳೆಯರೇ. ಮುಂಬದಿಯಲ್ಲಿ ಯಾರದೋ ಪಹಣಿ ಕರ್ರಗೆ ಕದಡಿಹೋಗಿದ್ದರೂ ಬೆನ್ನು ಮಾತ್ರ ಬೆಳ್ಳಗೆ ಉಳಿದಿರುತ್ತದೆ. ಅಫಜಲಪುರದ ಬಸ್ ನಿಲ್ದಾಣದೆದುರು ಅಂಗಡಿ ಇಟ್ಟುಕೊಂಡಿರುವ ನಾನು ವರ್ಷಗಟ್ಟಲೆ ಆ ಬೆನ್ನುಗಳ ಮೇಲೆ ಪರಸ್ಥಳದವರಿಗೆ ದಾರಿ ಬರೆದುಕೊಟ್ಟವಳು. ಘತ್ತರಗಿಯ ಭಾಗ್ಯವಂತಿಗೆ ಹೋಗುವವರು, ಚೌಡಾಪುರದಲ್ಲಿ ಗಾಣಗಾಪುರಕ್ಕೆ ತಿರುಗುವವರು, ಆಳಂದದ ದರ್ಗಾ ಹುಡುಕುವವರು, ಬುದ್ಧವಿಹಾರ ಕೇಳುತ್ತ ಬರುವ ಮುದುಕರು, ಎಲ್ಲರೂ ನನ್ನ ಮೆಟ್ಟಿಲೇರುವಾಗ ಹೊತ್ತು ತರುತ್ತಿದ್ದುದು ಒಂದೇ ಮುಖ: ಬಿಸಿಲಿಗೆ ಬಾಡಿದ, ಆದರೂ ಏನೋ ಸಿಕ್ಕೀತೆಂದು ನಂಬಿದ ಮುಖ. ಐದು ಹೊತ್ತು ನಮಾಜು ಮಾಡುವ ಕೈಯಿಂದ ದೇವಿಯ ಗುಡಿಗೆ ಬಾಣದ ಗುರುತು ಬರೆಯುವಾಗ ಒಳಗೊಳಗೇ ಹಿಗ್ಗುತ್ತಿದ್ದೆ. ಆ ಹಿಗ್ಗನ್ನು ಭಕ್ತಿಯೆಂದೇ ತಿಳಿದಿದ್ದೆ.

ಫೋನು ಬಂದ ಮೇಲೆ ಹಿಗ್ಗಿಗೆ ರೆಕ್ಕೆ ಮೂಡಿತು. ಫೋನಿನ ನಕ್ಷೆಯಲ್ಲಿ ಯಾರು ಬೇಕಾದರೂ ಜಾಗ ಗುರುತಿಸಬಹುದೆಂದು ಗೊತ್ತಾದದ್ದೇ ತಡ, ಸುತ್ತಲಿನ ಗುಡಿ, ದರ್ಗಾ, ವಿಹಾರ, ಬಸದಿಗಳನ್ನೆಲ್ಲ ಒಂದೊಂದಾಗಿ ಸೇರಿಸತೊಡಗಿದೆ. ಒಮ್ಮೆ ಜೇವರ್ಗಿಯ ತಂಗಿಯ ಮನೆಯಿಂದ ಮರಳುವಾಗ ಬಸ್ಸು ಪಂಚರಾಗಿ ನಿಂತಿತು. ರಸ್ತೆಯಂಚಿನ ತೊಗರಿ ಹೊಲದ ಬದುವಿನಲ್ಲಿ ಬೇವಿನ ಮರ, ಅದರ ಕೆಳಗೆ ಮಣ್ಣಿನ ಪುಟ್ಟ ಕಟ್ಟೆ. ಕಟ್ಟೆಯ ಕಲ್ಲಿಗೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ಕುಂಕುಮ, ಪಕ್ಕದಲ್ಲಿ ಊದುಬತ್ತಿಯ ಬೂದಿ. ಕೇಳೋಣವೆಂದರೆ ಒಂದು ನರಪಿಳ್ಳೆಯೂ ಇರಲಿಲ್ಲ. ನಾನೂ ಕಾಯಲಿಲ್ಲ. ಚಿತ್ರ ತೆಗೆದು, ‘ಸರ್ವಧರ್ಮದ ಕಟ್ಟೆ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ’ ಎಂದು ಬರೆದು ನಕ್ಷೆಗೇರಿಸಿಬಿಟ್ಟೆ. ಯಾರು ಹೇಳಿದ್ದರು ನನಗೆ? ಯಾರೂ ಇಲ್ಲ. ಹಾಗಿದ್ದರೆ ಎಷ್ಟು ಚೆನ್ನ ಎಂಬ ನನ್ನ ಆಸೆಯೇ ಅದನ್ನು ಬರೆದಿತ್ತು.

ವರ್ಷದೊಳಗೆ ಜನ ಅದನ್ನೇ ಹೆಸರು ಹಿಡಿದು ಕೇಳಲಾರಂಭಿಸಿದರು. ಹರಕೆ ಫಲಿಸಿತೆಂದು ಮಾದನಹಿಪ್ಪರಗಾದ ಇಬ್ಬರು ಹೆಂಗಸರು ಕಾಯಿ ಒಡೆಯಲು ಹೊರಟಾಗ ಅಂಗಡಿಗೆ ಬೀಗ ಹಾಕಿ ನಾನೂ ಜೊತೆಗೆ ಹೋದೆ.

ಅಲ್ಲಿ ಕಂಡದ್ದಕ್ಕೆ ಮೊದಲು ಕಣ್ಣೇ ಒಗ್ಗಲಿಲ್ಲ. ಕಟ್ಟೆಯ ಮೇಲೆ ತಗಡಿನ ಚಪ್ಪರ ಎದ್ದಿತ್ತು. ಕಲ್ಲಿಗೆ ಬೆಳ್ಳಿಬಣ್ಣದ ಕಣ್ಣು ಬಂದಿದ್ದವು. ಬೇವಿನ ಕೊಂಬೆಗಳಲ್ಲಿ ಕೇಸರಿ ಬಾವುಟ, ಹಸಿರು ಬಾವುಟ, ಒಂದಕ್ಕಿಂತ ಒಂದು ಎತ್ತರ. ಕೆಳಗೆ ಇಬ್ಬರು ಗಂಡಸರು ಇದು ಅಮ್ಮನೋ ಪೀರನೋ ಎಂದು ಕುತ್ತಿಗೆಯ ನರ ಉಬ್ಬಿಸಿಕೊಂಡು ಜಗಳಾಡುತ್ತಿದ್ದರು. ಹೆಂಗಸರು ಸಾಲು ಹಿಡಿದು ಕಾಯಿ ಒಡೆದರು. ನಾನು ಹಿಂದೆ ಸರಿದು ಬದುವಿಗೆ ಬಂದೆ. ತೊಗರಿಯ ನಡುವೆ ಕುಡುಗೋಲು ಹಿಡಿದು ನಿಂತಿದ್ದ ಒಬ್ಬಾಕೆ, ಹೊಲದೊಡತಿ ಶರಣಮ್ಮ, ಈ ಗದ್ದಲವನ್ನು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

“ಇದು ಯಾರ ಸ್ಥಾನ ಐತ್ರಿ ಅಕ್ಕಾ?” ಕೇಳಿದೆ.

“ನನ್ನ ಮಗಳದ್ರಿ.”

ಕುಡುಗೋಲಿನ ತುದಿಯಿಂದ ಕಟ್ಟೆಯ ಕಡೆ ತೋರಿಸಿದಳು.

“ಇಲ್ಲೇ ಮಣ್ಣು ಮಾಡೇವ್ರಿ. ಏಳು ವರ್ಷದಾಕಿ, ಹಾವು ಕಡೀತು. ಹಸರು ಅಂದ್ರ ಜೀವ ಬಿಡತಿದ್ಲು, ಅದಕ್ಕ ಆಕಿ ಲಂಗಾನ ಕಲ್ಲಿಗಿ ಸುತ್ತಿದ್ದೆ. ಮಂದಿ ಅದನ್ನೂ ಹರಕೊಂಡು ಒಯ್ದರು, ಪ್ರಸಾದ ಅಂತ. ದಿನಾ ಬುತ್ತಿ ತಂದು ಆಕಿ ಬಾಜೂ ಕುಂತು ಉಣತಿದ್ದೆ. ಈಗ ಹೋದ್ರ, ಚಪ್ಪಲಿ ಬಿಡಬೇ, ಪಾಳಿ ಹಚ್ಚಬೇ ಅಂತಾರ್ರಿ.”

ಬೆನ್ನ ಹಿಂದೆ ಬಂದು ನಿಂತಿದ್ದ ಮಾದನಹಿಪ್ಪರಗಾದ ಹೆಂಗಸರಲ್ಲೊಬ್ಬಳು ಅಲ್ಲೇ ಮಣ್ಣಿನ ಹೆಂಟೆಯ ಮೇಲೆ ಕುಸಿದು ಕೂತಳು. “ಯವ್ವಾ, ಆ ಕೂಸಿನ ಎದಿ ಮ್ಯಾಲ ಕಾಯಿ ಒಡದ್ವೇನ್ರಿ ನಾವು?”

“ನಕ್ಷಾದಾಗ ಹಾಕಿದಾಕಿ ನಾನೇ ರೀ,” ಎಂದೆ.

ಶರಣಮ್ಮ ಬೈಯಲಿಲ್ಲ, ಅಳಲಿಲ್ಲ. “ಯಾಕ್ರಿ?” ಎಂದಳು, ಅಷ್ಟೇ. ಪರರ ದೇವರನ್ನು ಹುಡುಕಿಕೊಡುವ ಉಮೇದಿನಲ್ಲಿ ಒಬ್ಬ ತಾಯಿಗೆ ಅಳಲು ಇದ್ದ ಒಂದೇ ನೆರಳನ್ನು ಕಿತ್ತುಕೊಂಡಿದ್ದೆ. ಜಾಗವನ್ನು ಪವಿತ್ರಗೊಳಿಸುವುದು ಜನ ಸೇರುವುದಲ್ಲ, ಕೆಲವೆಡೆ ಯಾರೂ ಬರದಿರುವುದೇ ಎಂದು ಮೊದಲು ಹೊಳೆದದ್ದು ಆ ಬದುವಿನಲ್ಲಿ.

ಗುರುತನ್ನು ಅಂದೇ ಅಳಿಸಿದೆ. ಆದರೆ ಚಿತ್ರ ಅಷ್ಟರಲ್ಲಿ ಎಷ್ಟೋ ಜನರ ಫೋನಿನಲ್ಲಿ ಓಡಾಡುತ್ತಿತ್ತು. ಶರಣಮ್ಮನ ಅಣ್ಣತಮ್ಮಂದಿರು ಚಪ್ಪರ ಕಿತ್ತರು, ಊರ ಹಿರಿಯರು ಎರಡೂ ಬಣ್ಣದ ಬಾವುಟಗಳನ್ನು ಇಳಿಸಿದರು. ಆ ಹಿರಿಯರ ಒಪ್ಪಿಗೆ ಪಡೆದು ನಾನು ಎರಡು ತಿಂಗಳು ವಾರಕ್ಕೊಮ್ಮೆ ಆ ರಸ್ತೆಯಲ್ಲಿ ನಿಂತೆ. “ಇಲ್ಲಿ ದೇವ್ರಿಲ್ರಿ, ಒಂದು ಕೂಸು ಮಲಗೇತಿ” ಎಂದು ಬಂದವರಿಗೆಲ್ಲ ಹೇಳಿದೆ. ಕೆಲವರು ತುಟಿ ಕಚ್ಚಿ ತಿರುಗಿದರು. ಒಬ್ಬ ನನ್ನನ್ನೇ ಧರ್ಮದ್ರೋಹಿ ಎಂದ.

ಬರುವವರು ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ಶರಣಮ್ಮ ಬುತ್ತಿ ಹಿಡಿದು ಬಂದಳು. ಚಪ್ಪಲಿ ಬಿಡದೆ ನೇರ ನಡೆದು ಕಟ್ಟೆಯ ಬಾಜೂ ಕೂತು ರೊಟ್ಟಿ ಮುರಿದಳು. ನಾನು ದೂರದಲ್ಲೇ ನಿಂತೆ. ಕೊನೆಗೆ ತಡೆಯಲಾರದೆ ಕೇಳಿದೆ: “ಆಕಿ ಹೆಸರೇನ್ರಿ?”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

“ಹೇಳಂಗಿಲ್ರಿ. ಹೇಳಿದ್ರ ಅದನ್ನೂ ಒಯ್ತೀರಿ.”

ಹಾಗೆಂದು ಅರ್ಧ ರೊಟ್ಟಿಯನ್ನು ನನ್ನ ಕಡೆ ಚಾಚಿದಳು.