ಮಕ್ತಲಿನ ಕೊನೆಯ ಮನೆಗೆ ಆಟ ಮುಟ್ಟಿಸಿದವರು

ಟೆಲಿವಿಷನ್ ಪ್ರಸಾರದ ಚರಿತ್ರೆಯಲ್ಲಿ ತೆರೆಯ ಮೇಲೆ ಕಂಡವರ ಹೆಸರುಗಳು ಬೇಗ ಸಿಗುತ್ತವೆ. ತಂತಿಯ ಜೊತೆ ನಡೆದವರ ಹೆಸರುಗಳನ್ನು ಹುಡುಕಬೇಕಾಗುತ್ತದೆ. ಮೂವತ್ತಾರು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಪ್ರಸಾರ ಎಂಜಿನಿಯರ್ ಶ್ರೀಮತಿ ಉರುಕುಂದಮ್ಮನವರು ಈ ಎರಡನೆಯ ಸಾಲಿನವರು, ಆ ಸಾಲಿನಲ್ಲಿ ಮೊದಲಿಗರು.

ಉಟ್ಕೂರಿನ ಕುರುಬ ಮನೆತನದಲ್ಲಿ ಹುಟ್ಟಿ, ನಾರಾಯಣಪೇಟೆಯಲ್ಲಿ ಓದಿ, ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದರು. ಈ ಲೇಖಕನ ಹೆಂಡತಿಯ ಹೆರಿಗೆಯ ಸಮಯದಲ್ಲಿ ಹನ್ನೊಂದು ದಿನ ಅವನ ಪಾಳಿಯನ್ನೂ ತಾವೇ ಮಾಡಿದರು. ಅದನ್ನು ಅವನಿಗೆ ಬೇರೆಯವರು ಹೇಳಬೇಕಾಯಿತು.

ತೆಲಂಗಾಣ ರಾಜ್ಯವಾದ ಮರುವರ್ಷ ನಮ್ಮ ಸಂಸ್ಥೆ ಕ್ರೀಡೆಗೇ ಮೀಸಲಾದ ಅಂತರರಾಷ್ಟ್ರೀಯ ವಾಹಿನಿಯೊಂದನ್ನು ಆರಂಭಿಸಲು ಹೊರಟಿತು. ಪರವಾನಗಿ, ಉಪಗ್ರಹದಲ್ಲಿ ಜಾಗ, ನಾಲ್ಕು ಭಾಷೆಗಳ ವೀಕ್ಷಕ ವಿವರಣೆ, ಎಲ್ಲವನ್ನೂ ಹೆಣಗಾಡಿ ದಾಟಿದ್ದಾಯಿತು. ಆನೆ ಹೋಗಿ ಬಾಲ ಸಿಕ್ಕಿಕೊಂಡದ್ದು ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ. ಪಂದ್ಯಗಳ ಹಕ್ಕು ಕೊಟ್ಟ ವಿದೇಶಿ ಸಂಸ್ಥೆಯ ಷರತ್ತು ಖಡಕ್ಕಾಗಿತ್ತು: ಆರಂಭದ ದಿನ ಗೊತ್ತುಮಾಡಿದಷ್ಟು ಮನೆಗಳಲ್ಲಿ ವಾಹಿನಿ ಕಾಣದಿದ್ದರೆ ಹಕ್ಕು ವಾಪಸ್ಸು. ಕೊರತೆಯ ಮನೆಗಳು ಈ ಮೂರು ಊರುಗಳಲ್ಲೇ ಇದ್ದವು. ಹಕ್ಕು ಹೋದರೆ ವಾಹಿನಿಯೂ ಇಲ್ಲ, ಅದನ್ನು ನಂಬಿದ್ದ ಅರವತ್ತು ಜನರ ಕೆಲಸವೂ ಇಲ್ಲ.

ಅಂಥ ಹೊತ್ತಿನಲ್ಲಿ ಈ ಲೇಖಕ ಜಾಣತನ ತೋರಿಸಲು ಹೋದ. ಮೂರೂ ಊರುಗಳಿಗೆ ಕೇಬಲ್ ಎಳೆದಿದ್ದ ಮಕ್ತಲಿನ ಅಂಜಯ್ಯನವರ ಬಳಿ ಇನ್ನೊಂದು ವಾಹಿನಿ ಸರಿಯಾಗಿ ಕಾಣುವಂಥ ಖಾಲಿ ಜಾಗವಿರಲಿಲ್ಲ. ಅವರ ಸ್ಥಳೀಯ ವಾಹಿನಿಯಲ್ಲಿ ಹೇಗೂ ಹಾಡುಗಳೇ ತಾನೆ ಎಂದು ಆ ಜಾಗದಲ್ಲಿ ನಮ್ಮ ಪ್ರಾಯೋಗಿಕ ಪ್ರಸಾರ ಬಿಡಿಸಿದ. ಅಂದು ಭಾನುವಾರ, ಮೈಲಾರಲಿಂಗನ ವಾರ. ಹಣೆಗೆ ಭಂಡಾರ ಹಚ್ಚಿಕೊಂಡು ಮೈಲಾರನ ಹಾಡು, ಬೀರಪ್ಪನ ಡೊಳ್ಳು ಕೇಳಲು ಕುಳಿತ ಮನೆಗಳಿಗೆ ಫುಟ್‌ಬಾಲ್ ಬಂತು. ಹೆಂಗಸರು ಅಂಜಯ್ಯನವರ ಬಾಗಿಲಿಗೇ ಬಂದು ನಿಂತರು.

“ಮೈಲಾರಪ್ಪನ ವಾರದಾಗ ಚಡ್ಡಿ ಹಾಕ್ಕೊಂಡೋರನ್ನ ಓಡಸ್ತೀಯೇನೋ ಅಂಜಯ್ಯ?”

ಅಂಜಯ್ಯನವರು ನಮ್ಮ ವಾಹಿನಿಯನ್ನೇ ಕಿತ್ತುಹಾಕಿದರು. ಆರಂಭಕ್ಕೆ ಉಳಿದಿದ್ದದ್ದು ಒಂಬತ್ತು ದಿನ.

ಮರುದಿನವೇ ಉರುಕುಂದಮ್ಮನವರು ಮಕ್ತಲಿನಲ್ಲಿ ಬಸ್ಸಿಳಿದು ನೇರ ಅಂಜಯ್ಯನವರ ಅಂಗಡಿಗೆ ಹೋದರು.

“ತಪ್ಪು ನಮ್ದೈತ್ರಿ ಅಣ್ಣಾ. ಮೈಲಾರಪ್ಪನ ಜಾಗ ಮೈಲಾರಪ್ಪಗ ಇರಲಿ. ನಮಗ ಬ್ಯಾರೆ ಜಾಗ ನೋಡಾಕ ಬಂದೀನಿ.”

“ಕಡೀಕ ಒಂದೈತ್ರಿ ಮೇಡಂ. ಅದರಾಗ ಏನ್ ಬಿಟ್ರೂ ಬರೇ ಚುಕ್ಕಿ ಬರ್ತಾವ.”

“ಯಾಕ ಬರ್ತಾವ ನೋಡೂಣು, ನಡೀರಿ.”

ದೋಷ ಆ ಜಾಗದ್ದಲ್ಲ, ತಂತಿಯ ಜೋಡಣೆಗಳದು. ತುಕ್ಕು ಹಿಡಿದ, ಸಡಿಲಾದ ಒಂದೊಂದು ಗಂಟೂ ಚಿತ್ರವನ್ನು ಸ್ವಲ್ಪಸ್ವಲ್ಪ ನುಂಗುತ್ತಿತ್ತು, ಕೊನೆಯ ಜಾಗಕ್ಕೆ ಅದರ ಪೆಟ್ಟು ಹೆಚ್ಚು. ಐವತ್ತೈದು ದಾಟಿದ ಆ ತಾಯಿ ಏಳು ದಿನ ಬಿಸಿಲಲ್ಲಿ ತಂತಿಯ ಜಾಡು ಹಿಡಿದು ನಡೆದು, ಅಂಜಯ್ಯನವರ ಕೆಲಸಗಾರರೊಡನೆ ಪ್ರತಿಯೊಂದು ಗಂಟನ್ನೂ ಬಿಚ್ಚಿ ಹೊಸದಾಗಿ ಕಟ್ಟಿಸಿದರು. ಬೆರಳಿಗೆ ಬೊಬ್ಬೆ ಬರುವವರೆಗೆ ಜೊತೆಗಿದ್ದ ಈ ಲೇಖಕನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆರಂಭದ ದಿನ ಹೈದರಾಬಾದಿನ ವೇದಿಕೆಯಲ್ಲಿ ಅವರ ಕುರ್ಚಿ ಖಾಲಿಯಿತ್ತು. ಅವರು ಮಕ್ತಲಿನಲ್ಲಿ ತಂತಿ ಮುಗಿಯುವ ಕಡೆ, ಶಂಕರಮ್ಮನವರ ಮನೆಯ ನೆಲದ ಮೇಲೆ ಕುಳಿತಿದ್ದರು. ಚಿತ್ರ ನಿಚ್ಚಳವಾಗಿ ಬಂತು. ಷರತ್ತು ಪೂರೈಸಿತು, ಅರವತ್ತು ಜನರ ಅನ್ನ ಉಳಿಯಿತು.

“ಚೊಲೋ ಕಾಣತೈತ್ರಿ ಅಕ್ಕಾ,” ಎಂದರು ಶಂಕರಮ್ಮ. “ಇದರಾಗ ನಮ್ಮ ಕಡೆಯೋರು ಯಾರೂ ಇಲ್ಲೇನ್ರಿ?”

“ಇನ್ನಾ ಇಲ್ರಿ. ತರ್ತೀನಿ.”

ಆ ಮಾತು ಉಳಿಸಿಕೊಳ್ಳಲು ಮೇಲಿನವರೊಡನೆ ಎರಡು ವರ್ಷ ಜಗಳವಾಡಿದರು. ಕೊನೆಗೂ ಗದ್ವಾಲದ ಹೆಣ್ಣುಮಕ್ಕಳ ಕಬಡ್ಡಿ ಹನ್ನೊಂದು ದೇಶಗಳಿಗೆ ಹೋಯಿತು. ನಿವೃತ್ತಿಯ ಬಳಿಕ ಅಲ್ಲಿಯೇ ಹುಡುಗಿಯರಿಗೆ ಕ್ಯಾಮೆರಾ ಕಲಿಸಲಿದ್ದಾರೆ. ಮೈಲಾರ, ಬೀರಪ್ಪ ಅವರಿಗೆ ನೂರು ವರ್ಷದ ಆಯುಷ್ಯವನ್ನೂ, ಜಗಳವಾಡುವ ಶಕ್ತಿಯನ್ನೂ ಕೊಡಲಿ.

ಅವರ ಈ ಅಭಿನಂದನ ಸಂಪುಟಕ್ಕೆಂದು ಹಳೆಯ ಕಡತ ತೆಗೆದಾಗ ಆ ಭಾನುವಾರದ ವರದಿ ಸಿಕ್ಕಿತು. ಪ್ರಸಾರ ಬಿಡಿಸಿದ್ದು ತಾವೇ ಎಂದು ಉರುಕುಂದಮ್ಮನವರು ಬರೆದು ಸಹಿ ಹಾಕಿದ್ದಾರೆ. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಯಾಕೆ ಬರಲಿಲ್ಲವೆಂದು ಈ ಲೇಖಕನಿಗೆ ಈಗ ತಿಳಿಯಿತು. ಅಮ್ಮಾ, ತಮ್ಮ ಅಪ್ಪಣೆಯಿಲ್ಲದೆ ಆ ವರದಿಯನ್ನು ಇಲ್ಲಿ ತಿದ್ದುತ್ತಿದ್ದೇನೆ: ಬಿಡಿಸಿದವನು ಸಾಯಿಕುಮಾರ್.