ದೀಪ ಹಚ್ಚಿದ ಮೇಲೆ ಹೆಪ್ಪು

ನನ್ನ ಗಂಡ ಪುಣೆಯ ಹತ್ತಿರದ ದೇಹೂ ರೋಡಿನಲ್ಲಿ, ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ತೊಂಬತ್ತರ ದಶಕದ ಕೊನೆಗೆ, ಒಂದು ಬೆಳಗ್ಗೆ ಚಹಾ ಕುಡಿಯುತ್ತ ಕುಡಿಯುತ್ತಲೇ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಊರಿಂದ ಬಂದ ಹೆಂಗಸರು ಸೂತಕದ ಮನೆಯೆಂದು ಅಡುಗೆಮನೆಯಲ್ಲಿದ್ದುದನ್ನೆಲ್ಲ ಚೆಲ್ಲಿದರು. ನಮ್ಮತ್ತೆ ಬಾಗಲಕೋಟೆಯಿಂದ ತಂದು ಒಂದು ದಿನವೂ ತಪ್ಪಿಸದೆ ನಡೆಸಿದ್ದ ಮೊಸರಿನ ಹೆಪ್ಪೂ ಅದರೊಂದಿಗೆ ಹೋಯಿತು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಅವರೆಲ್ಲ ಹೊರಟ ಮೇಲೆ ನಾನು ಮೊಸರೇ ಮಾಡಲಿಲ್ಲ. ರಾತ್ರಿ ಹೆಪ್ಪು ಹಾಕುವವರಿಗೆ ನಾಳೆಯ ಮೇಲೆ ಆಸೆಯಿರಬೇಕು. ನನಗೆ ನಾಳೆಯೇ ಬೇಡವಾಗಿತ್ತು. ಹೊರಗೆ ಕಾಲಿಟ್ಟರೆ ಮರಾಠಿ. ಒಳಗೆ ಕನ್ನಡ ಕೇಳಲು ಗೋಡೆಗಳಷ್ಟೇ ಇದ್ದವು.

ಗಂಡನ ಕಚೇರಿಯವರು ಅವರ ಬದಲಿಗೆ ನನಗೇ ಕೆಲಸ ಕೊಡುತ್ತೇವೆ ಎಂದಿದ್ದರು. ಅಣ್ಣ ಮಾತ್ರ, "ಐತವಾರ ಬರ್ತೀನಿ, ಟ್ರಂಕ್ ಕಟ್ಟಿಡು" ಎಂದು ಫೋನ್ ಮಾಡಿದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅತ್ತಿಗೆಯ ಅಡುಗೆಮನೆಯ ಮೂಲೆ ನೆನೆದರೆ ಮೈ ಉರಿಯುತ್ತಿತ್ತು. ಇಲ್ಲಿ ಒಬ್ಬಳೇ ಇರುವ ಧೈರ್ಯವೂ ಇರಲಿಲ್ಲ. ಟ್ರಂಕು ಕಟ್ಟಿದೆ.

ಶನಿವಾರ ಸಂಜೆ ದೀಪ ಹಚ್ಚಿ, ಉಳಿದ ಹಾಲು ಕಾಯಿಸಿದೆ. ಚೆಲ್ಲಲು ಮನಸ್ಸಾಗಲಿಲ್ಲ. ಬಟ್ಟಲು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅಲ್ಲಿದ್ದವಳು ಗದಗಿನ ಹುಡುಗಿ. ಮದುವೆಯಾಗಿ ಬಂದ ಹೊಸದರಲ್ಲಿ ಆಕೆಗೆ ಹೆಪ್ಪು ಕೊಟ್ಟವಳೂ ನಾನೇ, ಬೈದು ಬುದ್ಧಿ ಹೇಳಿದವಳೂ ನಾನೇ.

"ಚೂರು ಹೆಪ್ಪು ಕೊಡವಾ."

"ದೀಪಾ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದು ಅಂತ ನನಗ ಬೈದವರು ನೀವ ಅಲ್ಲೇನ್ರಿ, ವೈನಿ?"

ಮುಖ ಸಣ್ಣದು ಮಾಡಿಕೊಂಡು ತಿರುಗಿದೆ. ಆಕೆ ಕೈ ಹಿಡಿದು ನಿಲ್ಲಿಸಿದಳು.

"ನಿಲ್ಲರಿ. ಅವತ್ತ ನೀವು ಕೊಟ್ಟಿದ್ದ ಇನ್ನೂ ನಡಿಸ್ಕೊಂಡ ಬಂದೀನಿ. ನಿಮ್ಮ ಮನೀದು ನಿಮ್ಮ ಮನೀಗೆ ಹೊಂಟದ. ಇದಕ್ಕ ಕೊಡೋದು ಅಂತಾರೇನ್ರಿ?"

ಹೊಸ್ತಿಲಲ್ಲೇ ನಿಂತು ಅತ್ತುಬಿಟ್ಟೆ. ಗಂಡ ಹೋದ ದಿನವೂ ಹಾಗೆ ಅತ್ತಿರಲಿಲ್ಲ.

ಬೆಳಗ್ಗೆ ಮೊಸರು ಗಟ್ಟಿಯಾಗಿ ಕೂತಿತ್ತು. ಅಣ್ಣ ಬಂದವನೇ ಟ್ರಂಕಿಗೆ ಕೈ ಹಾಕಿದ.

"ಅದು ಇರಲಿ. ಕೈ ತೊಳಕೊಂಡು ಮೊಸರನ್ನ ಉಂಡು ಹೋಗು."

"ಮತ್ತ ನೀನು?"

"ನಾ ನಾಳೆ ಕಚೇರಿಗೆ ಹೋಗಬೇಕು."

ಸಿಟ್ಟಿನಲ್ಲೇ ಉಂಡ, ಸಿಟ್ಟಿನಲ್ಲೇ ಬಸ್ಸು ಹಿಡಿದ. ಸಂಜೆ ಮನೆ ಮತ್ತೆ ಬಣಬಣ. ಒಂಟಿತನ ಕಡಿಮೆಯಾಯಿತೆಂದು ಸುಳ್ಳೇಕೆ ಹೇಳಲಿ? ಪಾತ್ರೆ ತೊಳೆಯಲು ಕೂತೆ. ಒಂದನ್ನು ಮಾತ್ರ ತೊಳೆಯಲಿಲ್ಲ; ಅದರ ತಳದಲ್ಲಿ ಒಂದು ಚಮಚ ಮೊಸರು ಉಳಿಸಿದ್ದೆ.